ಮರುಭೂಮಿಯಲ್ಲಿ ಒಣಗದ ಬನಿಯನ್

"ಬೊಟಿಕ್ ಹೋಟೆಲ್ ಬುಕ್ ಮಾಡಿದೀನಿ" ಅಂತ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದಾಗ ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಲೈನಿಂಗ್ ಬಟ್ಟೆ ನಾವೇ ಕೊಡ್ಬೇಕಾ?"

ಅವಳದೇನೂ ತಪ್ಪಿಲ್ಲ. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಬೊಟಿಕ್ ಅಂದರೆ ಬ್ಲೌಸ್ ಹೊಲಿಯುವ ಅಂಗಡಿ. ಹೋಟೆಲ್ ಅಂದರೆ ಇಡ್ಲಿ-ವಡೆ ಸಿಗುವ ಜಾಗ. ಎರಡೂ ಸೇರಿದರೆ ಅಳತೆ ಕೊಟ್ಟು ಕಾಫಿ ಕುಡಿದು ಬರುವ ಜಾಗ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ. ಮಗಳು ಬಿಡಿಸಿ ಹೇಳಿದಳು. ಹಳೇ ಬಂಗಲೆ, ಎಂಟೇ ರೂಮು, ಒಂದೊಂದು ರೂಮಿಗೆ ಒಂದೊಂದು ಬಣ್ಣ, ಲಿಫ್ಟ್ ಇಲ್ಲ. ಲಿಫ್ಟ್ ಇಲ್ಲದಿರುವುದಕ್ಕೂ ಜಾಸ್ತಿ ದುಡ್ಡು ಕೊಡಬೇಕು ಅಂತ ನನಗೆ ಆಗಲೇ ಗೊತ್ತಾಗಿದ್ದು.

ವಿಷಯ ಏನಂದರೆ, ಡಲ್ಲಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದ ನಮ್ಮನ್ನು ಅವಳು ಮಾಚು ಪಿಚುಗೆ, ಅಂದರೆ ಪೆರು ದೇಶದ ಬೆಟ್ಟದ ಮೇಲಿರುವ ಇಂಕಾ ಕಾಲದ ಹಾಳೂರಿಗೆ, ಕರೆದುಕೊಂಡು ಹೋಗುವವಳಿದ್ದಳು. ರಜೆ ಸಿಕ್ಕಿದ್ದು ಕಡಿಮೆ. "ನೀವಿಬ್ರೂ ಮೊದಲು ಹೋಗಿ ಲಿಮಾದಲ್ಲಿ ನಾಲ್ಕು ದಿನ ಆರಾಮಾಗಿರಿ, ಆಮೇಲೆ ಕುಸ್ಕೋದಲ್ಲಿ ಸಿಗೋಣ" ಅಂದಳು. ಕುಸ್ಕೋ ಅಂದರೆ ಮಾಚು ಪಿಚುಗೆ ಹೋಗುವ ದಾರಿಯ ಊರು. ಲಿಮಾ ಅಂದರೆ ಪೆರುವಿನ ರಾಜಧಾನಿ, ಪೆಸಿಫಿಕ್ ಸಮುದ್ರದ ದಂಡೆ. ಆಗಸ್ಟ್ ತಿಂಗಳು.

ನಾನು ನಿವೃತ್ತ ಬ್ಯಾಂಕ್ ನೌಕರ. ಎಲ್ಲವನ್ನೂ ಮೊದಲೇ ಓದಿಕೊಂಡು ಹೋಗುವವನು. ಲಿಮಾ ಮರುಭೂಮಿಯ ಊರು. ಈಜಿಪ್ಟಿನ ಕೈರೋ ಥರ ಮರುಭೂಮಿಯಲ್ಲಿರುವ ಅತಿ ದೊಡ್ಡ ನಗರಗಳಲ್ಲಿ ಒಂದು. ಇಡೀ ವರ್ಷದ ಮಳೆ 20 ಮಿಲಿಮೀಟರ್ ಕೂಡ ಆಗುವುದಿಲ್ಲ. ಇದನ್ನು ಓದಿ ನನಗಾದ ಖುಷಿ ಅಷ್ಟಿಷ್ಟಲ್ಲ. ನಾನು ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತೆ. ಜೂನ್ ಬಂತೆಂದರೆ ಅಮ್ಮ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಎಲ್ಲರ ಬಟ್ಟೆ ಹರವುತ್ತಿದ್ದರು. ನಾಲ್ಕು ತಿಂಗಳು ನಾವೆಲ್ಲ ಹೊಗೆ ವಾಸನೆ ಹೊಡೆಯುತ್ತಾ ಶಾಲೆಗೆ ಹೋಗುತ್ತಿದ್ದೆವು. ಅಂಥವನಿಗೆ ಮರುಭೂಮಿ!

"ರೀ, ಒಂದು ಸ್ವೆಟರ್ ಇಟ್ಕೊಳ್ಳಿ."

"ಮರುಭೂಮಿಗೆ ಸ್ವೆಟರ್ ಹಾಕ್ಕೊಂಡು ಹೋಗೋರು ಯಾರೇ?"

ಈ ಮಾತನ್ನು ಅವಳು ಆಮೇಲೆ ನಾಲ್ಕು ದಿನದಲ್ಲಿ ನನಗೆ ಎಷ್ಟು ಸಲ ತಿರುಗಿಸಿ ಹೇಳಿದಳು ಅಂತ ಲೆಕ್ಕ ಇಟ್ಟಿಲ್ಲ.

ವಿಮಾನ ಇಳಿದಾಗ ಅವಳ ಸೂಟ್‌ಕೇಸ್ ಮದುವೆ ದಿಬ್ಬಣದ ಹಾಗೆ ಎಲ್ಲರಿಗಿಂತ ಮುಂದೆ ಬಂತು. ನನ್ನದು ಬರಲೇ ಇಲ್ಲ. ಕೌಂಟರಿನ ಹುಡುಗಿ ಒಂದು ಪಟ ತೋರಿಸಿ, ನಿಮ್ಮ ಪೆಟ್ಟಿಗೆ ಇದರಲ್ಲಿ ಯಾವ ಥರ, ಯಾವ ಬಣ್ಣ ಅಂತ ಕೇಳಿದಳು. ಕಪ್ಪು ಅಂದೆ. ಪಾಪದವನು ಅನ್ನುವ ಹಾಗೆ ನೋಡಿದಳು. ನಾಳೆ ಬರುತ್ತೆ ಅಂದಳು. "ಮನ್ಯಾನಾ." ಸ್ಪ್ಯಾನಿಶ್‌ನಲ್ಲಿ ನಾಳೆ. ನಾನು ಕಲಿತ ಮೊದಲ ಪದ ಅದು. ಅರ್ಥ ಮಾತ್ರ ನಮ್ಮ ಟೈಲರುಗಳು ಹೇಳುವ ನಾಳೆಯದ್ದೇ.

ಹೋಟೆಲ್ ಇದ್ದದ್ದು ಬರ್ರಾಂಕೊ ಅನ್ನುವ ಬಡಾವಣೆಯಲ್ಲಿ. ನೂರು ವರ್ಷದ ಹಿಂದೆ ಲಿಮಾದ ಸಾಹುಕಾರರು ಸಮುದ್ರಸ್ನಾನಕ್ಕೆ ಬಂದು ಇಳಿಯುತ್ತಿದ್ದ ಜಾಗ. ಈಗ ಆ ಬಂಗಲೆಗಳಲ್ಲಿ ಚಿತ್ರಶಾಲೆ, ಕಾಫಿ ಅಂಗಡಿ, ನಮ್ಮಂಥವರು. ನೀಲಿ ಗೋಡೆ, ಆನೆ ನುಗ್ಗುವಷ್ಟು ಎತ್ತರದ ಬಾಗಿಲು, ಕಾಲಿಟ್ಟಲ್ಲೆಲ್ಲ ಕಿರ್ ಅನ್ನುವ ಮರದ ನೆಲ. ಒಳಗೆ ಹೋದರೆ ರಿಸೆಪ್ಷನ್ ಮೇಜಿನ ಪಕ್ಕ ಒಂದು ನಾಯಿ. ಮೈಮೇಲೆ ಒಂದು ಕೂದಲಿಲ್ಲ. ಬೂದು ಬಣ್ಣದ ಚರ್ಮ, ನೆತ್ತಿಯ ಮೇಲೆ ಮಾತ್ರ ನಾಲ್ಕು ಕೆಂಚು ಎಳೆ, ಥೇಟ್ ನಮ್ಮ ಹಳೇ ಮ್ಯಾನೇಜರ್. ಇದು ಪೆರುವಿನದೇ ತಳಿ. ಎರಡು ಸಾವಿರ ವರ್ಷದ ಹಿಂದಿನ ಮಣ್ಣಿನ ಪಾತ್ರೆಗಳಲ್ಲೂ ಇದರ ರೂಪ ಮಾಡಿಟ್ಟಿದ್ದಾರಂತೆ. ಹೆಸರು ಚಾಸ್ಕಿ. ಇಂಕಾ ರಾಜರ ಕಾಲದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಓಡಿ ಸುದ್ದಿ ಮುಟ್ಟಿಸುತ್ತಿದ್ದವರನ್ನು ಚಾಸ್ಕಿ ಅನ್ನುತ್ತಿದ್ದರು. ಇದು ಮಲಗಿದಲ್ಲಿಂದ ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಅದಕ್ಕೆ ಕೆಂಪು ಸ್ವೆಟರ್ ಹಾಕಿದ್ದರು.

ನಾಯಿಗೂ ಸ್ವೆಟರ್ ಇತ್ತು. ನನಗಿರಲಿಲ್ಲ.

ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಆಕಾಶವೇ ಇಲ್ಲ. ಬೂದು ಬಣ್ಣದ ಒದ್ದೆ ಬಟ್ಟೆಯೊಂದನ್ನು ಊರಿನ ಮೇಲೆ ಎಳೆದು ಕಟ್ಟಿದ ಹಾಗಿತ್ತು. ಇದಕ್ಕೆ ಲಿಮಾದವರು ಇಟ್ಟ ಹೆಸರು 'ಪಾನ್ಸಾ ದೆ ಬುರ್ರೊ', ಅಂದರೆ ಕತ್ತೆಯ ಹೊಟ್ಟೆ. ಇಷ್ಟು ಸರಿಯಾದ ಹೆಸರನ್ನು ನಾನು ಬೇರೆ ಯಾವ ಹವಾಮಾನಕ್ಕೂ ಕೇಳಿಲ್ಲ. ಕತ್ತೆಯ ಕೆಳಗೆ ನಿಂತು ಮೇಲೆ ನೋಡಿದರೆ ಹೀಗೇ ಕಾಣುತ್ತೆ, ಅಲ್ವಾ? ವಾರಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ. ದಕ್ಷಿಣದಿಂದ ಹರಿದು ಬರುವ ತಣ್ಣನೆಯ ಸಮುದ್ರ ಪ್ರವಾಹ ಇದಕ್ಕೆ ಕಾರಣ. 1802ರಲ್ಲಿ ಲಿಮಾಗೆ ಬಂದು ಆ ನೀರಿನ ತಂಪನ್ನು ಅಳೆದ ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ತಣ್ಣನೆಯ ಒದ್ದೆ ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ಮುಚ್ಚಳದ ಹಾಗೆ. ಹಬೆ ಮೇಲೆ ಹೋಗಿ ಮಳೆಯಾಗುವ ಹಾಗೂ ಇಲ್ಲ, ಊರು ಬಿಟ್ಟು ಹೋಗುವ ಹಾಗೂ ಇಲ್ಲ. ಮಳೆ ಇಲ್ಲ ಅಂತ ಓದಿದ್ದೆ, ನಿಜ. ನೀರೆಲ್ಲ ಗಾಳಿಯಲ್ಲೇ ಇದೆ ಅನ್ನುವ ಪುಟ ಓದಿರಲಿಲ್ಲ.

ಇದಾವುದೂ ತಿಳಿಯದೆ ನಾನು ಮೊದಲ ದಿನವೇ ಇದ್ದ ಒಂದೇ ಬನಿಯನ್ನನ್ನೂ ಶರಟನ್ನೂ ಒಗೆದು ಹಾಕಿಬಿಟ್ಟೆ. ಮರುಭೂಮಿ, ಒಂದು ಗಂಟೆಯಲ್ಲಿ ಹಪ್ಪಳವಾಗುತ್ತೆ ಅನ್ನುವ ಧೈರ್ಯ. ಬಿಸಿನೀರಿಗೇ ಒಂದು ಸಾಹಸ ಆಯಿತು. ನಲ್ಲಿಗಳ ಮೇಲೆ ಸಿ, ಎಫ್ ಅಂತ ಇತ್ತು. ಸಿ ಅಂದರೆ ಕೋಲ್ಡ್, ಎಫ್ ಅಂದರೆ ಫೈರ್ ಇರಬೇಕು ಅಂತ ಎಫ್ ತಿರುಗಿಸಿ ಹತ್ತು ನಿಮಿಷ ಕಾದೆ. ಸ್ಪ್ಯಾನಿಶ್‌ನಲ್ಲಿ ಬಿಸಿಗೆ 'ಕಾಲಿಯೆಂತೆ', ತಣ್ಣಗೆ 'ಫ್ರಿಯಾ' ಅಂತ ಆಮೇಲೆ ತಿಳಿಯಿತು. ಅಷ್ಟರಲ್ಲಿ ಸ್ನಾನ ಮುಗಿದಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು.

ಬಟ್ಟೆ ಹರವಲು ಕಿಟಕಿಯ ಚಿಲಕದಿಂದ ಹೊರಗಿನ ಕಂಬಕ್ಕೆ ಹಗ್ಗ ಕಟ್ಟಿದೆ. ಕಂಬದ ಮೇಲೆ ಹಸಿರು ಬೋರ್ಡು, ಅದರಲ್ಲಿ ದೊಡ್ಡದಾಗಿ ಬಿಳಿ ಎಸ್. ಅದರ ಮೊಳೆ ಗಟ್ಟಿಯಾಗಿತ್ತು. ರಿಸೆಪ್ಷನ್ ಹುಡುಗ ಓಡಿ ಬಂದ. "ನೋ, ನೋ, ಸೆನ್ಯೋರ್!" ಭೂಕಂಪ ಆದರೆ ಎಲ್ಲರೂ ಬಂದು ನಿಲ್ಲಬೇಕಾದ ಜಾಗ ಅದು, ಬನಿಯನ್‌ಗಲ್ಲ, ಅಂತ ಎರಡೂ ಕೈ ಅಲ್ಲಾಡಿಸಿ ಅಭಿನಯ ಮಾಡಿ ತೋರಿಸಿದ. ಬನಿಯನ್ ನೋಡಿ ತಲೆಯನ್ನೂ ಅಲ್ಲಾಡಿಸಿದ. "ಲಿಮಾ... ನೋ ಸೆಕಾ." ಒಣಗಲ್ಲ. ಊರಾಚೆಯ ಗುಡ್ಡಗಳಲ್ಲಿ ಜನ ದೊಡ್ಡ ಬಲೆ ಕಟ್ಟಿ ಮಂಜಿನಿಂದಲೇ ನೀರು ಹಿಡಿದು ಗಿಡಗಳಿಗೆ ಹಾಕುತ್ತಾರೆ ಅಂತಲೂ ಹೇಳಿದ. ಸಂಜೆ ಬನಿಯನ್ ಮುಟ್ಟಿ ನೋಡಿದೆ. ಬೆಳಿಗ್ಗೆಗಿಂತ ಒದ್ದೆಯಾಗಿತ್ತು. ನನಗೆ ಗೊತ್ತಿಲ್ಲದೆ ನಾನೂ ನೀರು ಹಿಡಿಯುತ್ತಿದ್ದೆ.

ಲಾಂಡ್ರಿ ಇಲ್ವಾ ಅಂತ ಕೇಳಬೇಡಿ. ಇತ್ತು, ಮೂಲೆಯಲ್ಲೇ. ಅಲ್ಲಿ ಬಟ್ಟೆ ತೂಕದ ಲೆಕ್ಕ, ಕಿಲೋಗೆ ಇಷ್ಟು ಅಂತ, ನಾವು ರದ್ದಿ ಪೇಪರ್ ಹಾಕುವ ಹಾಗೆ. ಕಡೇ ಪಕ್ಷ ಮೂರು ಕಿಲೋ ದುಡ್ಡು ಕೊಡಬೇಕು ಅಂದರು. ನನ್ನ ಬನಿಯನ್ನೂ ಶರಟೂ ಸೇರಿ ಅರ್ಧ ಕಿಲೋ ದಾಟುವುದಿಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತವನು ಎರಡೂವರೆ ಕಿಲೋ ಗಾಳಿಗೆ ದುಡ್ಡು ಕೊಡುತ್ತಾನೆಯೇ?

ಹಾಗಾಗಿ ದುಡ್ಡು ಉಳಿಸಲು ಪಕ್ಕದ ಬಡಾವಣೆ ಮಿರಾಫ್ಲೋರೆಸ್‌ನ ಮಾರುಕಟ್ಟೆಗೆ ಹೋಗಿ ಅದರ ಹತ್ತು ಪಟ್ಟು ಕೊಟ್ಟು ಸ್ವೆಟರ್ ಕೊಂಡೆ. ಎದೆಯ ಮೇಲೆ ಸಾಲಾಗಿ ಏಳು ಲಾಮಾ, ಒಂಟೆಯ ಕುಲದ ಅಲ್ಲಿನ ಪ್ರಾಣಿ. ಅಲ್ಪಾಕಾ ಅನ್ನುವುದು ಅದರ ದಾಯಾದಿ, ಉಣ್ಣೆ ಕೊಡುವುದು. ಅಂಗಡಿಯವಳು "ಬೇಬಿ ಅಲ್ಪಾಕಾ" ಅಂದಳು. ಹೆಂಡತಿ ಹೌಹಾರಿದಳು, "ಅಯ್ಯೋ, ಮರಿಗಳ ಮೈಯಿಂದ ಕಿತ್ತಿದ್ದಾ?" ಮರಿ ಅಲ್ಲ, ಅತಿ ನಯವಾದ ಉಣ್ಣೆಗೆ ಹಾಗನ್ನುತ್ತಾರಂತೆ. ಆ ಮಾರುಕಟ್ಟೆಯಲ್ಲಿ ಕೇಳಿದ್ದೆಲ್ಲ ಬೇಬಿ ಅಲ್ಪಾಕಾವೇ. ನನ್ನದು ಬರಿಮೈ ಮೇಲೆ ಹಾಕಿಕೊಂಡ ಐದು ನಿಮಿಷದಲ್ಲಿ ತುರಿಸತೊಡಗಿತು. ಒಳಗೊಂದು ಬನಿಯನ್ ಇದ್ದಿದ್ದರೆ! ಹೀಗೆ ಆ ಬನಿಯನ್ ನನ್ನ ಬದುಕಿನ ಕೇಂದ್ರವಾಯಿತು.

ಊಟದ ಕಥೆ ಬೇರೆ. ನಾವು ಶುದ್ಧ ಸಸ್ಯಾಹಾರಿಗಳು. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ ಅಂತ ಮಗಳು ಹೇಳಿಕೊಟ್ಟಿದ್ದಳು. ಹೇಳಿದೆವು. ನಗುನಗುತ್ತಾ ಕೋಳಿ ತಂದಿಟ್ಟರು. ಅವರ ಲೆಕ್ಕದಲ್ಲಿ ಕಾರ್ನೆ ಅಂದರೆ ದನದ್ದು, ಕೋಳಿ ಅದರಲ್ಲಿ ಬರುವುದಿಲ್ಲ. ಕೊನೆಗೆ ನಮ್ಮ ಪ್ರಾಣ ಉಳಿಸಿದ್ದು ಕೌಸಾ. ಹಳದಿ ಆಲೂಗಡ್ಡೆಯನ್ನು ನುಣ್ಣಗೆ ನಾದಿ, ನಿಂಬೆರಸ, ಹಳದಿ ಮೆಣಸಿನಕಾಯಿ ಸೇರಿಸಿ, ನಡುವೆ ಬೆಣ್ಣೆಹಣ್ಣು ಇಟ್ಟು ತಣ್ಣಗೆ ಕೊಡುತ್ತಾರೆ. ನಡುವೆ ಮೀನು, ಕೋಳಿ ಬೇಡ ಅಂತ ಬೆರಳಿಟ್ಟು ಹೇಳಬೇಕು, ಅಷ್ಟೇ. ಮಸಾಲೆ ದೋಸೆಯೊಳಗಿನ ಪಲ್ಯ ದೋಸೆಯನ್ನು ಬಿಟ್ಟು ತವರಿಗೆ ಬಂದು ಕೂತ ಹಾಗಿತ್ತು. ಆಲೂಗಡ್ಡೆಯ ತವರು ಅದೇ ತಾನೆ. ಹೆಂಡತಿ ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿದಳು. ಪಕ್ಕದ ಟೇಬಲಿನವರು ಕೇಳಿ ಹಾಕಿಸಿಕೊಂಡು, ಆಮೇಲೆ ಬಹಳ ನೀರು ಕುಡಿದರು.

ಹೋಟೆಲಿನಿಂದ ಹತ್ತು ಹೆಜ್ಜೆಗೆ ನಿಟ್ಟುಸಿರಿನ ಸೇತುವೆ ಇದೆ, 1876ರ ಮರದ ಸೇತುವೆ. ಮೊದಲ ಸಲ ದಾಟುವಾಗ ಉಸಿರು ಬಿಗಿಹಿಡಿದು ಏನು ಬೇಡಿಕೊಂಡರೂ ಆಗುತ್ತೆ ಅನ್ನುವ ನಂಬಿಕೆ. ಪ್ರೇಮಿಗಳು ಕಣ್ಣುಮುಚ್ಚಿ ದಾಟುತ್ತಿದ್ದರು. ನಾನು ಸೂಟ್‌ಕೇಸ್ ಬೇಡಿಕೊಂಡೆ. ಮುಕ್ಕಾಲು ದೂರ ಹೋಗಿದ್ದೆ, ಸ್ವೆಟರ್ ಎದೆಯ ಹತ್ತಿರ ಚುಚ್ಚಿತು. "ಅಯ್ಯಪ್ಪಾ" ಅಂತ ಉಸಿರು ಬಿಟ್ಟುಬಿಟ್ಟೆ. ಹೆಂಡತಿ ಪೂರ್ತಿ ದಾಟಿದಳು. ಏನು ಬೇಡಿಕೊಂಡಳೋ, ಇವತ್ತಿಗೂ ಹೇಳಿಲ್ಲ.

ಆ ಸಂಜೆ ಅವಳಿಗೆ ಉಪಾಯ ಹೊಳೆಯಿತು. ಮಗಳ ಹೇರ್ ಡ್ರೈಯರ್ ಅವಳ ಪೆಟ್ಟಿಗೆಯಲ್ಲಿತ್ತು. ಅಮೆರಿಕದ ಚಪ್ಪಟೆ ಪಿನ್ನು ಗೋಡೆಯ ಸಾಕೆಟ್ಟಿಗೆ ಸಲೀಸಾಗಿ ಕೂತಿತು. ಕೂತಿತಲ್ಲ, ಅದೇ ಮೋಸ. ಅಮೆರಿಕದ ಕರೆಂಟು 120 ವೋಲ್ಟ್, ಪೆರುವಿನದು ನಮ್ಮ ಹಾಗೆ 220ರ ಆಸುಪಾಸು. ಮೊದಲ ಹತ್ತು ಸೆಕೆಂಡು ಎಂಥಾ ಗಾಳಿ! ಬನಿಯನ್ ಬಲೂನಿನ ಹಾಗೆ ಉಬ್ಬಿ ನಿಂತಿತು. "ನೋಡಿದ್ರಾ!" ಅಂದಳು. ಡ್ರೈಯರ್ ವಿಮಾನದ ಹಾಗೆ ಊಳಿಟ್ಟಿತು, ಒಳಗಿನ ತಂತಿ ಕೆಂಪಾಯಿತು, ಟಪ್ ಅಂತು. ಇಡೀ ಬಂಗಲೆ ಕತ್ತಲು. ಅಂಗಳದಲ್ಲಿ ಊಟ ಮಾಡುತ್ತಿದ್ದವರು ಯಾರೋ ಚಪ್ಪಾಳೆ ತಟ್ಟಿದರು. ಹುಡುಗ ಟಾರ್ಚ್ ಹಿಡಿದು ಬಂದ. ಮೂಸಿ ನೋಡಿದ. ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಮೈಮೇಲೆ ಹೆಂಡತಿಯ ಕೈಚೀಲದಲ್ಲಿ ಉಳಿದಿದ್ದ ಪಂಚೆ ಒಂದೇ. ಸುಮ್ನೆ ಇರಲಾರದೆ ಫೋನಿನಲ್ಲಿ ಲಿಮಾದ ಭೂಕಂಪಗಳ ಬಗ್ಗೆ ಓದಿದೆ. 1746ರ ಅಕ್ಟೋಬರ್ 28ರ ರಾತ್ರಿ ಇಡೀ ಊರು ನೆಲಸಮ, ಹಿಂದೆಯೇ ಬಂದ ಅಲೆ ಕಾಯಾವೊ ಬಂದರನ್ನೇ ನುಂಗಿತ್ತು. ಮಲಗುವ ಮುಂಚೆ ಓದುವ ವಿಷಯ ಅಲ್ಲವೇ ಅಲ್ಲ. ಎರಡು ಗಂಟೆಯ ಹೊತ್ತಿಗೆ ಮಂಚ ನಡುಗಿತು. ಮೊದಲು ಮೆಲ್ಲಗೆ, ಆಮೇಲೆ ಗಡಗಡ.

"ಏಳೇ! ಭೂಕಂಪ!"

ಪಂಚೆ ಒಂದು ಕೈಯಲ್ಲಿ, ಪಾಸ್‌ಪೋರ್ಟ್ ಇನ್ನೊಂದು ಕೈಯಲ್ಲಿ, ಓಡಿಹೋಗಿ ಎಸ್ ಬೋರ್ಡಿನ ಕೆಳಗೆ ನಿಂತೆ. ಗಟ್ಟಿಯಾಗಿ "ಭೂಕಂಪ, ಭೂಕಂಪ" ಅಂತ ಕನ್ನಡದಲ್ಲೇ ಕೂಗಿದೆ. ಮೂರು ಬಾಗಿಲು ತೆರೆದವು. ಯಾರೂ ನಡುಗುತ್ತಿರಲಿಲ್ಲ, ನಾನೊಬ್ಬನೇ. ಹೆಂಡತಿ ಹೊರಗೆ ಬಂದಳು, ನಿಧಾನವಾಗಿ, ಚಪ್ಪಲಿ ಹಾಕಿಕೊಂಡು.

"ರೀ, ಒಳಗೆ ಬನ್ನಿ. ಮಂಚದ ಕೆಳಗೆ ನಾಯಿ ಮೈ ಕೆರ್ಕೊಳ್ತಿದೆ."

ಅದು ಯಾವಾಗ ಒಳಗೆ ಬಂದು ಮಲಗಿತ್ತೋ. ನಾನು ಬಗ್ಗಿ ನೋಡಿದೆ. ಚಾಸ್ಕಿ ಒಂದು ಕಣ್ಣು ಬಿಟ್ಟು ನೋಡಿ ಮುಚ್ಚಿಕೊಂಡಿತು. ಕತ್ತಲಲ್ಲಿ ಹಗ್ಗದಿಂದ ಜಾರಿದ್ದ ಏನನ್ನೋ ಹಾಸಿಕೊಂಡಿತ್ತು. ಎಳೆಯುವ ಧೈರ್ಯ ನನಗಿರಲಿಲ್ಲ.

ಬೆಳಿಗ್ಗೆ ಅದು ತಿಂಡಿಗೆ ಎದ್ದು ಹೋದ ಮೇಲೆ ತೆಗೆದು ನೋಡಿದೆ. ಬನಿಯನ್. ಗರಿಗರಿ ಒಣಗಿತ್ತು! ಮಡಿಕೆ ಕೂಡ ಇರಲಿಲ್ಲ, ಇಸ್ತ್ರಿ ಹಾಕಿದ ಹಾಗೆ. ಈ ನಾಯಿಗಳ ಮೈ ಬಿಸಿ ಬೇರೆ ನಾಯಿಗಳಷ್ಟೇ ಅಂತೆ, ಕೂದಲಿಲ್ಲದ್ದಕ್ಕೆ ನೇರ ತಾಗುತ್ತೆ. ಕೀಲುನೋವಿಗೆ ಪಕ್ಕದಲ್ಲಿ ಮಲಗಿಸಿಕೊಳ್ಳುವವರೂ ಇದ್ದಾರಂತೆ. ನನ್ನ ಮಟ್ಟಿಗೆ ಅದು ನಾಲ್ಕು ಕಾಲಿನ ಬಚ್ಚಲ ಒಲೆ. ಮುಂದಿನ ರಾತ್ರಿ ಶರಟನ್ನೂ ಮಂಚದ ಕೆಳಗೆ ಹಾಸಿಟ್ಟೆ. ಬಿಸ್ಕತ್ತೂ ಇಟ್ಟೆ.

ಹೊರಡುವ ದಿನ ಸೂಟ್‌ಕೇಸ್ ಬಂತು. ಮುಕ್ಕಾಲು ಸೇತುವೆ ದಾಟಿದ್ದೆನಲ್ಲ, ನಾಲ್ಕು ಚಕ್ರದಲ್ಲಿ ಮೂರು ಇದ್ದವು. ಬನಿಯನ್ ಬದಲಿಸೋಣ ಅಂದರೆ ಟ್ಯಾಕ್ಸಿ ಬಂದು ನಿಂತಿತ್ತು.

"ನಾಯಿ ವಾಸನೆ ಬರ್ತಿದೆ ರೀ" ಅಂದಳು ಹೆಂಡತಿ, ಮೂಗು ಮುಚ್ಚಿಕೊಂಡು.

"ಹೊಗೆ ವಾಸನೆಯಲ್ಲೇ ಎಸ್ಎಸ್ಎಲ್‌ಸಿ ಪಾಸ್ ಮಾಡಿದವನು ನಾನು" ಅಂದೆ.

ಹುಡುಗ ಕೈ ಬೀಸಿದ. ನಾಲ್ಕು ದಿನದಲ್ಲಿ ಒಂದು ಹೆಜ್ಜೆಯೂ ಓಡದಿದ್ದ ಚಾಸ್ಕಿ ಎದ್ದು, ಆ ದೊಡ್ಡ ಬಾಗಿಲು ದಾಟಿ, ಟ್ಯಾಕ್ಸಿಯ ಹಿಂದೆ ಓಡಿ ಬಂತು. ಪಾಪ, ಅದರ ಹಾಸಿಗೆಯನ್ನು ನಾನು ಹಾಕಿಕೊಂಡು ಹೊರಟಿದ್ದೆ.