ಶಿರಸಿ ಕಡೆಗೆ ರೇಡಿಯೊ ಅಂದ್ರೆ ಧಾರವಾಡ

ಹಳೆಯ ರೇಡಿಯೊ ಹಾಸ್ಯ ನಾಟಕಗಳ ಬಗ್ಗೆ ನೀವು ಬರೆದಿದ್ದು ಓದಿ ತುಂಬಾ ಖುಷಿಯಾಯ್ತು. ಆದರೆ ಬೆಂಗಳೂರು ಕೇಂದ್ರದ ಮಾತೇ ಜಾಸ್ತಿಯಾಯ್ತು. ನಮ್ಮ ಶಿರಸಿ ಕಡೆ ಆಗ ರೇಡಿಯೊ ಅಂದ್ರೆ ಧಾರವಾಡ ಆಕಾಶವಾಣಿ. 1950ರಲ್ಲಿ ಶುರುವಾದ ಕೇಂದ್ರ ಅದು. ಎನ್ಕೆ ಕುಲಕರ್ಣಿ ಅವರಂಥ ಹಾಸ್ಯ ಬರಹಗಾರರು ಅಲ್ಲಿ ಕೆಲಸ ಮಾಡಿದವರು. ಅವರ ಹೆಸರು ಬರಲೇಬೇಕಿತ್ತು.

ಅಡಿಕೆ ಕೊಯ್ಲು ಬಂತೆಂದರೆ ರಾತ್ರಿ ಊಟ ಮುಗಿಸಿ ಎಲ್ಲರೂ ಮೆಟ್ಟುಗತ್ತಿ ಹಿಡಿದು ಸುಲಿಯಲು ಕೂರುತ್ತಿದ್ದರು. ರೇಡಿಯೊ ಜಗಲಿಯ ಗೂಡಿನಲ್ಲಿ. ನಾಟಕದಲ್ಲಿ ಬಾಗಿಲು ಕಿರ್ ಅಂದರೆ ಸಾಕು, ಅತ್ತೆ ಬಂದಳು ಅಂತ ನಮಗೆಲ್ಲ ಗೊತ್ತು. ಗಂಡ ಹೆಂಡತಿ ಜಗಳ ಜೋರಾದರೆ ಆಯಿಯ ಕೈ ಹಾಗೇ ನಿಲ್ಲುತ್ತಿತ್ತು. ಅಪ್ಪಯ್ಯ ಬೈಯಬೇಕಲ್ವಾ? ಅವರೂ ನಗುತ್ತಿದ್ದರು. ಮರುದಿನ ಶಾಲೆಗೆ ಹೋಗುವಾಗ ದಾರಿಯುದ್ದಕ್ಕೂ ನಮ್ಮದು ಧಾರವಾಡದ ಮಾತು, 'ಏನ್ರೀ, ಏನ ನಡಿಸೀರಿ?' ಅಂತ.

ಮುಖ ತೋರಿಸದೆ ಬರೀ ದನಿಯಿಂದ ನಗಿಸುವುದು ಸುಮ್ನೆ ಆಗುವ ಕೆಲಸವಲ್ಲ. ಎಲ್ಲಿ ಅರೆಗಳಿಗೆ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು ಅನ್ನುವುದು ಆ ಕಲಾವಿದರಿಗೆ ಚೆನ್ನಾಗಿ ಗೊತ್ತಿತ್ತು.

ವಿವಿಧ ಭಾರತಿಯ ಹಿಂದಿ ನಾಟಕಗಳ ಕಾರ್ಯಕ್ರಮ ಹವಾ ಮಹಲ್ ಕೂಡ ಕೇಳುತ್ತಿದ್ದೆವು, ಹಿಂದಿ ಅರ್ಧಂಬರ್ಧ ತಿಳಿದರೂ. ಗುಡುಗು ಮಿಂಚು ಶುರುವಾದರೆ ಮಾತ್ರ ಬರೀ ಗರಗರ. ಆಗಿನ ಮೀಡಿಯಂ ವೇವ್ ಪ್ರಸಾರದ ಕಷ್ಟವೇ ಅದು.

ಈಗ ಕಾರವಾರದಲ್ಲೇ ಆಕಾಶವಾಣಿಯ ಎಫ್‌ಎಂ ಇದೆ, ದನಿ ಸ್ವಚ್ಛವಾಗಿ ಬರುತ್ತದೆ. ಉಳಿದಿರುವ ಹಳೆಯ ಧ್ವನಿಮುದ್ರಣಗಳನ್ನು ವಾರಕ್ಕೊಂದಾದರೂ ಅದರಲ್ಲಿ ಹಾಕಲಿ. ಯಾರ ಬಳಿಯಾದರೂ ಆ ಕಾಲದ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ, ಇಲ್ಲೇ ತಿಳಿಸಿ.