ಹಳೇ ಮೇಲ್ ಅಳಿಸಿ, ಥೇಮ್ಸ್ ಉಳಿಸಿ

ಇಂಗ್ಲೆಂಡಿನಲ್ಲಿ ಬರ ಬಂದಿದೆ, ನೀರು ಉಳಿಸಬೇಕು, ಅದಕ್ಕೆ ಹಳೇ ಇಮೇಲ್ ಅಳಿಸಿ ಅಂತ ಅಲ್ಲಿನ ಸರ್ಕಾರ 2025ರ ಆಗಸ್ಟ್‌ನಲ್ಲಿ ಹೇಳಿದ್ದನ್ನು ನೀವೂ ಓದಿರುತ್ತೀರಿ. ಯಾರೋ ಕುಚೋದ್ಯಕ್ಕೆ ಬರೆದಿದ್ದಾರೆ ಅಂದುಕೊಂಡೆ. ಅಲ್ಲ, ಬರ ನಿಭಾಯಿಸೋಕೆ ಅಂತಲೇ ಇರುವ ತಂಡ ಅಧಿಕೃತವಾಗಿ ಕೊಟ್ಟ ಸಲಹೆ. ಮಳೆ ನೀರು ಹಿಡಿಯೋಕೆ ಡ್ರಮ್ ಇಡಿ, ಸೋರುವ ಕಮೋಡ್ ರಿಪೇರಿ ಮಾಡಿಸಿ, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ. ಇಲ್ಲಿಯವರೆಗೆ ಯಾರ ಮನೆಯ ಅಜ್ಜಿ ಬೇಕಾದರೂ ಹೇಳುವ ಮಾತೇ. ಅದರ ಬೆನ್ನಿಗೇ, ಹಳೇ ಮೇಲ್, ಹಳೇ ಫೋಟೋ ಅಳಿಸಿ. ಅವನ್ನೆಲ್ಲ ಕೂಡಿಟ್ಟಿರುವ ಕಂಪ್ಯೂಟರ್ ಗೋದಾಮು, ಅಂದರೆ ಡೇಟಾ ಸೆಂಟರ್, ತಂಪಾಗಿಡೋಕೆ ತುಂಬಾ ನೀರು ಬೇಕಂತೆ.

ಬೇಕು, ಸುಳ್ಳಲ್ಲ. ಯಂತ್ರ ಲೆಕ್ಕ ಹಾಕುತ್ತಾ ಬಿಸಿಯಾಗುತ್ತೆ, ಅದನ್ನು ತಣಿಸಬೇಕು. ಆದರೆ ಹತ್ತು ವರ್ಷದ ಹಿಂದೆ ಬಂದ ಪಿಜ್ಜಾ ಡಿಸ್ಕೌಂಟಿನ ಮೇಲ್ ಎಲ್ಲೋ ಮೂಲೆಯಲ್ಲಿ ಸುಮ್ನೆ ಮಲಗಿದೆ, ಅದಕ್ಕೇನು ಬಾಯಾರಿಕೆ? ಅದನ್ನು ಹುಡುಕಿ, ಎಬ್ಬಿಸಿ, ಅಳಿಸೋದಕ್ಕೇ ಯಂತ್ರ ಒಂಚೂರು ಬೆವರಬೇಕು. ಆ ಮೇಲ್ ಇಂಗ್ಲೆಂಡಿನಲ್ಲೇ ಇದೆ ಅಂತ ತಾನೇ ಯಾರು ಹೇಳಿದ್ದು? ಐರ್ಲೆಂಡಿನಲ್ಲೋ ಅಮೆರಿಕದಲ್ಲೋ ಇದ್ದರೆ ಯಾರ್ಕ್‌ಶೈರಿನ ಕೆರೆ ತುಂಬುತ್ತಾ? ಇದೇ ಸರ್ಕಾರ ಅದೇ ವರ್ಷದ ಜನವರಿಯಲ್ಲಿ ಎಐ ಬೆಳೆಸ್ತೀವಿ ಅಂತ ಡಂಗುರ ಹೊಡೆದು, ಡೇಟಾ ಸೆಂಟರ್ ಕಟ್ಟೋಕೆ ಅಂತಲೇ ಇರೋ ಮೊದಲನೇ ಎಐ ವಲಯವನ್ನು ಆಕ್ಸ್‌ಫರ್ಡ್‌ಶೈರಿನ ಕಲ್ಹಮ್‌ಗೆ ಕೊಟ್ಟಿತು. ಅದರ ಪಕ್ಕದಲ್ಲೇ ಅಬಿಂಗ್ಡನ್. ಅಲ್ಲೊಂದು ಜಲಾಶಯ ಕಟ್ಟಬೇಕು ಅಂತ ಎಷ್ಟೋ ವರ್ಷದಿಂದ ಬರೀ ಮಾತು ನಡೀತಿದೆ. ಕುಡಿಯೋರು ಬಂದು ಪಂಕ್ತಿಯಲ್ಲಿ ಕೂತಾಯಿತು, ಕೊಡ ಇನ್ನೂ ಕುಂಬಾರನ ಮನೆಯಲ್ಲಿದೆ.

ಬರ ಬಂದಾಗ ಹೀಗೆ ಬುದ್ಧಿ ಓಡೋದು ಆ ದೇಶಕ್ಕೆ ಹೊಸದೇನಲ್ಲ. 2025ರ ಜುಲೈವರೆಗಿನ ಆರು ತಿಂಗಳು 1976ರ ನಂತರ ಅತಿ ಒಣ ಅಂತ ಲೆಕ್ಕ. ಆ 1976ರ ಕಥೆ ಇನ್ನೂ ಚೆನ್ನಾಗಿದೆ. ಪ್ರಧಾನಿ ಕ್ಯಾಲಹನ್ ಅವರು ಡೆನಿಸ್ ಹೋವೆಲ್ ಅನ್ನೋರನ್ನು ಬರ ಮಂತ್ರಿ ಮಾಡಿದರು. ಪಾಪ, ಅವರು ನೋಡಿಕೊಳ್ತಿದ್ದದ್ದು ಕ್ರೀಡೆ. ಬರ್ಮಿಂಗ್‌ಹ್ಯಾಮ್‌ನ ಮನೆಗೆ ಪತ್ರಕರ್ತರನ್ನು ಕರೆದು, ನೀರು ಉಳಿಸೋಕೆ ನಾನೂ ನನ್ನ ಹೆಂಡತಿಯೂ ಒಟ್ಟಿಗೇ ಸ್ನಾನ ಮಾಡ್ತಿದ್ದೀವಿ ಅಂದರು. ಕೆಲವೇ ದಿನಕ್ಕೆ ಮಳೆ ಹಿಡಿಯಿತು. ಹೇಗೆ ಹಿಡಿಯಿತು ಅಂದರೆ ಬರ ಮಂತ್ರಿ ಪ್ರವಾಹ ಮಂತ್ರಿ ಆದರು. ನಮ್ಮಲ್ಲಿ ಮಳೆ ಬೇಕಾದರೆ ಶೃಂಗೇರಿ ಹತ್ತಿರದ ಕಿಗ್ಗಕ್ಕೆ ಹೋಗಿ ಋಷ್ಯಶೃಂಗನಿಗೆ ಪೂಜೆ ಮಾಡಿಸ್ತೀವಿ. ಆ ಋಷ್ಯಶೃಂಗನನ್ನು ಕಾಡಿನಿಂದ ಕರೆತರೋಕೆ ಅಂಗದೇಶದ ರಾಜ ಎಷ್ಟು ಪಾಡು ಪಟ್ಟ! ಕ್ಯಾಲಹನ್‌ಗೆ ಒಂದು ನೇಮಕ ಸಾಕಾಯಿತು. ಈಗಿನವರು ಮೇಲ್ ಅಳಿಸೋ ಬದಲು ಯಾವನಾದರೂ ಕ್ರೀಡಾ ಮಂತ್ರಿಯನ್ನು ತೊಟ್ಟಿಯಲ್ಲಿ ಕೂರಿಸಿದ್ದರೆ ಆಗ್ತಿತ್ತೇನೋ.

ಸ್ನಾನದ ಮಾತು ಬಂದಿದ್ದಕ್ಕೆ ಇದೊಂದು ಹೇಳಿಬಿಡ್ತೀನಿ. ಅಕ್ಕನ ಮಗ ಅಲ್ಲೊಂದು ಸಣ್ಣ ಊರಿನಲ್ಲಿದ್ದಾನೆ. ಅವನಿರೋ ಹಳೇ ಮನೆಯಲ್ಲಿ ಕೈ ತೊಳೆಯೋ ಬೇಸಿನ್ನಿಗೆ ಎರಡು ನಲ್ಲಿ. ಎಡಗಡೆಯದರಲ್ಲಿ ಕೋಳಿ ಪುಕ್ಕ ಕೀಳೋವಷ್ಟು ಬಿಸಿ, ಬಲಗಡೆಯದರಲ್ಲಿ ಐಸು. ಎರಡೂ ಸೇರೋ ಹಾಗೇ ಇಲ್ಲ. ಕಾರಣ ಇಲ್ಲ ಅನ್ನೋ ಹಾಗೂ ಇಲ್ಲ ಅನ್ನಿ. ತಣ್ಣೀರು ಬೀದಿ ಪೈಪಿನಿಂದ ನೇರ ಬರ್ತಿತ್ತು, ಬಿಸಿನೀರು ಅಟ್ಟದ ಮೇಲಿನ ಟ್ಯಾಂಕಿನಿಂದ. ಟ್ಯಾಂಕಿನಲ್ಲಿ ಯಾವ ಇಲಿ ಬಿದ್ದಿದೆಯೋ, ಅದು ಕುಡಿಯೋ ನೀರಿಗೆ ಸೇರಬಾರದು ಅಂತ ಎರಡನ್ನೂ ಬೇರೆ ಬೇರೆ ಇಟ್ಟರು. ಇಲಿ ಹೋಯಿತು, ಮಡಿ ಉಳಿಯಿತು. ನಮ್ಮ ಹುಡುಗ ಎರಡೇ ದಿನಕ್ಕೆ ಒಂದು ಪ್ಲಾಸ್ಟಿಕ್ ಮಗ್ ತಂದು, ಅದರಲ್ಲಿ ನೀರು ಬೆರೆಸಿ ಹದ ಮಾಡಿಕೊಂಡು ಮುಖ ತೊಳೆಯೋಕೆ ಶುರು ಮಾಡಿದ. ಸಾಮ್ರಾಜ್ಯ ಕಟ್ಟಿದವರಿಗೆ ಒಂದು ಚೊಂಬು ಹೊಳೆಯಲಿಲ್ಲ ನೋಡಿ.

ಮನೆಯೊಳಗೆ ಎರಡು ನೀರು ಸೇರಬಾರದು ಅಂತ ಇಷ್ಟು ಎಚ್ಚರ ಇದ್ದವರು ನದಿಗೆ ಬಂದ ಕೂಡಲೇ ಎಲ್ಲ ಮರೆತುಬಿಡ್ತಾರೆ. ಮಳೆ ಜಾಸ್ತಿಯಾದಾಗ ಚರಂಡಿ ಉಕ್ಕಿ ಮನೆಗೆ ನುಗ್ಗಬಾರದು ಅಂತ ಕೊಳಚೆಯನ್ನು ನದಿಗೆ ಬಿಡೋಕೆ ಅನುಮತಿ ಇದೆ. ಯಾವಾಗಲೋ ಒಮ್ಮೆ ಅಂತ ಕೊಟ್ಟ ಅನುಮತಿ. 2024ರಲ್ಲಿ ಇಂಗ್ಲೆಂಡಿನ ನದಿ, ಸಮುದ್ರಕ್ಕೆ ಹೀಗೆ ಬಿಟ್ಟ ಸಮಯವನ್ನೆಲ್ಲ ಕೂಡಿದರೆ 36 ಲಕ್ಷ ಗಂಟೆ, ಅಂದರೆ ನಾನ್ನೂರು ವರ್ಷಕ್ಕೂ ಜಾಸ್ತಿ. ಒಂದೇ ನಲ್ಲಿ ಅಂತ ಲೆಕ್ಕ ಹಿಡಿದರೆ ನಮ್ಮ ರಾಜ ಒಡೆಯರ್ ಶ್ರೀರಂಗಪಟ್ಟಣದಲ್ಲಿದ್ದಾಗ, ಅವರ ಶೇಕ್ಸ್‌ಪಿಯರ್ ಇನ್ನೂ ಬದುಕಿದ್ದಾಗ ತಿರುಗಿಸಿ ಬಿಟ್ಟದ್ದು, ಇನ್ನೂ ಸುರೀತಿದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ದೋಣಿ ಸ್ಪರ್ಧೆ ಗೊತ್ತಲ್ಲ, 1829ರಿಂದ ಇರೋದು. ಗೆದ್ದವರು ದೋಣಿಯಲ್ಲಿ ಕೂತು ದಾರಿ ಹೇಳುವವರನ್ನು ಎತ್ತಿ ಥೇಮ್ಸ್‌ಗೆ ಎಸೆಯೋದು ಸಂಪ್ರದಾಯ. 2024ರಲ್ಲಿ ನೀರಿಗೆ ಇಳಿಯಲೇಬೇಡಿ ಅಂದರು. ಅಷ್ಟೊಂದು ಬ್ಯಾಕ್ಟೀರಿಯಾ.

ಅದೇ ಥೇಮ್ಸ್ ದಡದಲ್ಲಿ, ಲ್ಯಾಂಬೆತ್‌ನಲ್ಲಿ, 2015ರಿಂದ ನಮ್ಮ ಬಸವಣ್ಣನವರಿದ್ದಾರೆ. ಆಚೆ ದಡದಲ್ಲಿ ಪಾರ್ಲಿಮೆಂಟ್. ಕೃಷ್ಣೆ, ಮಲಪ್ರಭೆ ಕೂಡೋ ಜಾಗ ಕಂಡವರು, ಈ ಸಂಗಮ ನೋಡಿ ಏನಂದುಕೊಳ್ತಾರೋ. 1858ರ ಬೇಸಿಗೆಯಲ್ಲಿ ಇದೇ ನದಿ ಎಷ್ಟು ನಾರಿತು ಅಂದರೆ ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ಅದ್ದಿ ನೇತುಹಾಕಿದ್ದರು. ಅದಕ್ಕೂ ಮೊದಲು ಕಾಲರಾದಲ್ಲಿ ಜನ ಸಾವಿರಗಟ್ಟಲೆ ಸತ್ತಾಗ ಚರ್ಚೆ ನಡೀತಾನೇ ಇತ್ತು. ವಾಸನೆ ಸದಸ್ಯರ ಮೂಗಿಗೆ ಬಡಿದ ಮೇಲೆ ಕೆಲವೇ ವಾರಕ್ಕೆ ಕಾನೂನು ಆಯಿತು, ಬ್ಯಾಜಲ್‌ಜೆಟ್ ಅನ್ನೋ ಇಂಜಿನಿಯರು ಇವತ್ತಿಗೂ ಕೆಲಸ ಮಾಡೋ ಚರಂಡಿ ಕಟ್ಟಿದರು.

ಇನ್ನು ನಗೋಕೆ ಆಗಲ್ಲ. 1989ರಲ್ಲಿ ಅಲ್ಲಿನ ನೀರು, ಚರಂಡಿ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆಗಳ ಸಾಲ ಮನ್ನಾ ಮಾಡಿ ಖಾಸಗಿಯವರಿಗೆ ಮಾರಿದರು. 1992ರಲ್ಲಿ ಕಾರ್ಸಿಂಗ್ಟನ್ ಜಲಾಶಯ ತೆರೆದ ಮೇಲೆ ಇನ್ನೊಂದು ದೊಡ್ಡ ಜಲಾಶಯ ಕಟ್ಟಿ ಮುಗಿಸಿಲ್ಲ. ಸಾಲವಿಲ್ಲದೆ ಶುರುವಾದ, ಲಂಡನ್ನಿಗೆ ನೀರು ಕೊಡೋ ಥೇಮ್ಸ್ ವಾಟರ್ ಕಂಪನಿ ತಲೆ ಮೇಲೆ 2025ರಲ್ಲಿ 1,500 ಕೋಟಿ ಪೌಂಡ್‌ಗೂ ಜಾಸ್ತಿ ಸಾಲ ಇತ್ತು. ಕೊಳಚೆಗೆ, ಕೊಡಬಾರದ ಲಾಭಾಂಶ ಕೊಟ್ಟಿದ್ದಕ್ಕೆ, 2025ರ ಮೇನಲ್ಲಿ 12.27 ಕೋಟಿ ಪೌಂಡ್ ದಂಡ ಬಿತ್ತು. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಒಡಕು ಪೈಪಿನಲ್ಲಿ ದಿನಕ್ಕೆ ಸುಮಾರು 300 ಕೋಟಿ ಲೀಟರ್ ಸೋರಿ ಹೋಗುತ್ತೆ. ಐದನೇ ಹಂತವೂ ಸೇರಿ ಇಡೀ ಬೆಂಗಳೂರಿಗೆ ಬರೋ ಕಾವೇರಿ 222 ಕೋಟಿ. ಒಂದು ಬೆಂಗಳೂರನ್ನು ಸಾಕಿ ಇನ್ನೂ ಮಿಗೋವಷ್ಟು ನೀರು ದಿನಾ ಮಣ್ಣಿಗೆ ಸುರಿದುಬಿಟ್ಟು, ಮಗುವಿನ ಮೊದಲನೇ ಹುಟ್ಟುಹಬ್ಬದ ಫೋಟೋ ಅಳಿಸು ಅಂತ ಅದರ ತಾಯಿಗೆ ಹೇಳೋಕೆ ನಾಚಿಕೆ ಬೇಡವಾ? ಅದೇ ವರ್ಷ ಏಪ್ರಿಲ್‌ನಿಂದ ಅವಳಂಥವರ ಮನೆಯ ನೀರಿನ ಬಿಲ್ಲು ವರ್ಷಕ್ಕೆ ಸರಾಸರಿ 123 ಪೌಂಡ್ ಏರಿತ್ತು.

ಅಕ್ಕನ ಮಗ ವಿಧೇಯ ಹುಡುಗ. ಶನಿವಾರ ಕೂತು ನಾಲ್ಕು ಸಾವಿರ ಮೇಲ್ ಅಳಿಸಿದನಂತೆ. ಅಷ್ಟರಲ್ಲಿ ನೀರಿನ ಕಂಪನಿಯಿಂದಲೇ ಒಂದು ಹೊಸ ಮೇಲ್ ಬಂತಂತೆ, ನೀರು ಉಳಿಸೋದು ಹೇಗೆ ಅಂತ ಬಣ್ಣಬಣ್ಣದ ಚಿತ್ರ ಹಾಕಿದ ಎಂಟು ಪುಟದ ಪಿಡಿಎಫ್ ಜೊತೆಗೆ. ‘ಮಾಮ, ಇದನ್ನೂ ಅಳಿಸ್ಲಾ?’ ಅಂತ ಫೋನ್ ಮಾಡಿದ್ದ. ಕೆಳಗಡೆ ಬಿಲ್ಲೇನಾದರೂ ಇದೆಯಾ ನೋಡಪ್ಪ ಮೊದಲು, ಅಂದೆ.

ಇತ್ತು.