ಪ್ರಾರ್ಥನೆ ಮಾಡಿ ಹೇಳ್ತೀನಿ

ನಮ್ಮ ಚರ್ಚಿನ ಸಭೆಯಲ್ಲಿ 'ಆಗಲ್ಲ' ಎಂದು ಯಾರೂ ಹೇಳುವುದಿಲ್ಲ. 'ಪ್ರಾರ್ಥನೆ ಮಾಡಿ ಹೇಳ್ತೀನಿ' ಎನ್ನುತ್ತಾರೆ. ಸಂಡೇ ಸ್ಕೂಲಿಗೆ ಟೀಚರ್ ಆಗ್ತೀರಾ ಎಂದು ಕೇಳಿದಾಗ ನಾನೂ ಹಾಗೇ ಅಂದಿದ್ದೆ. ಅದಾಗಿ ಎರಡು ವರ್ಷವಾಯಿತು. ಈ ಮನುಷ್ಯ ಎಷ್ಟು ಗಂಭೀರವಾಗಿ ಪ್ರಾರ್ಥಿಸುತ್ತಾನಪ್ಪಾ ಎಂದು ಅವರು ಅಂದುಕೊಂಡಿರಬೇಕು.

ಹೋದ ವರ್ಷ ಮಾತ್ರ ನಿಜವಾಗಿಯೂ ಪ್ರಾರ್ಥನೆ ಮಾಡಿ ಹೇಳಬೇಕಾದ ಸಂಗತಿ ಎದುರಾಯಿತು. ಬೇರೆ ಊರಿನಲ್ಲಿ ಹೊಸ ಕೆಲಸ, ಜಾಸ್ತಿ ಸಂಬಳ. ಹದಿನೈದು ದಿನದೊಳಗೆ ಉತ್ತರ ಕೊಡಿ ಎಂದು ಪತ್ರ ಬಂತು. ನಿನ್ನ ಚಿತ್ತದಂತೆ ಆಗಲಿ ಸ್ವಾಮೀ ಎಂದು ಮೊಣಕಾಲೂರಿದೆ. ಎದ್ದ ಮೇಲೆ ನೋಡಿದರೆ ಮೊಣಕಾಲು ನೋಯುತ್ತಿತ್ತು, ಚಿತ್ತ ಮಾತ್ರ ಗೊತ್ತಾಗಿರಲಿಲ್ಲ.

ಕಣ್ಣು ಮುಚ್ಚಿ ಸತ್ಯವೇದ (ಬೈಬಲ್) ತೆರೆದು ಬೆರಳಿಡುವ ದಾರಿಯೊಂದಿದೆಯಲ್ಲ, ಅದನ್ನೇ ಹಿಡಿದೆ. ಸುಮ್ನೆ ಅಲ್ಲ, ದೊಡ್ಡವರ ಬೆಂಬಲ ಇದೆ ಇದಕ್ಕೆ. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಮುಂದೆ ಸಂತನಾದ ಅಗಸ್ಟೀನ್ ಅಳುತ್ತಿದ್ದಾಗ ಪಕ್ಕದ ಮನೆಯಿಂದ 'ತೆಗೆದು ಓದು, ತೆಗೆದು ಓದು' ಎಂದು ಮಗುವಿನ ದನಿ ಕೇಳಿತಂತೆ. ಸತ್ಯವೇದದಲ್ಲಿರುವ ಪೌಲನ ಪತ್ರಗಳನ್ನು ತೆರೆದ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಕಣ್ಣಿಗೆ ಬಿತ್ತು. ಬದುಕೇ ಬದಲಾಯಿತು.

ನನಗೂ ಪಕ್ಕದ ಮನೆಯ ಮಗುವಿನ ದನಿ ಕೇಳಿತು. 'ಔಟ್! ಔಟ್!' ಮೈ ಜುಂ ಎಂದಿತು. ಈಗಿನ ಕೆಲಸದಿಂದ ಔಟ್ ಎಂದೇ ಅಲ್ವಾ? ಅಷ್ಟರಲ್ಲಿ ಇನ್ನೊಂದು ಮಗು 'ಔಟ್ ಇಲ್ಲ, ಮೋಸ!' ಎಂದು ಕಿರುಚಿತು. ಸರಿ ಎಂದು ಸತ್ಯವೇದ ತೆರೆದೆ. ನಡುವಿಗೆ ಕೈ ಹಾಕಿದರೆ ಪುಸ್ತಕ ತೆರೆದುಕೊಳ್ಳುವುದು ಕೀರ್ತನೆಗಳಿಗೇ. 150 ಅಧ್ಯಾಯ, ಇರುವುದೂ ನಡುವಿನಲ್ಲೇ. ಇಷ್ಟು ವರ್ಷ ದೇವರು ನನಗೆ ಪ್ರತಿ ಸಲವೂ ಸಮಾಧಾನ ಹೇಳುತ್ತಾನೆ ಎಂದು ಹಿಗ್ಗುತ್ತಿದ್ದೆ. ಅದರಲ್ಲಿ ಬೈಂಡಿಂಗ್ ಮಾಡಿದವನ ಪಾಲೂ ಇತ್ತು ಎಂದು ಅವತ್ತು ಹೊಳೆಯಿತು. ಮೋಸ ಬೇಡ ಎಂದು ಸ್ವಲ್ಪ ಹಿಂದಕ್ಕೆ ಬೆರಳಿಟ್ಟೆ. ಪೂರ್ವಕಾಲವೃತ್ತಾಂತ, ಮೊದಲ ಪುಸ್ತಕ. ಆರಂಭದ ಒಂಬತ್ತು ಅಧ್ಯಾಯ ಬರೀ ವಂಶಾವಳಿ. ಇವನ ಮಗ ಅವನು, ಅವನ ಮಗ ಇವನು. ಇನ್ನೂ ಹಿಂದಕ್ಕೆ ಹೋದೆ. ಯಾಜಕಕಾಂಡ 13:40. ಕೂದಲು ಉದುರಿ ತಲೆ ಬೋಳಾದರೂ ಅವನು ಶುದ್ಧನೇ ಎಂದಿತ್ತು. ನಾನು ಕೇಳಿದ್ದು ಕೆಲಸದ ವಿಷಯ, ಉತ್ತರ ಬಂದದ್ದು ನನ್ನ ತಲೆಯ ವಿಷಯ. ಆದರೂ ಮನಸ್ಸಿಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ದೇವರಿಂದ ಗುರುತು ಕೇಳಿದ ಸತ್ಯವೇದದ ಗಿದ್ಯೋನನ ಉಪಾಯ. ಕಣದಲ್ಲಿ ಉಣ್ಣೆ ಹಾಸಿ, ಉಣ್ಣೆ ಮಾತ್ರ ಒದ್ದೆಯಾಗಿ ನೆಲ ಒಣಗಿರಲಿ ಎಂದು ಕೇಳಿದ. ಹಾಗೇ ಆಯಿತು. ಮರುದಿನ ಉಲ್ಟಾ ಮಾಡಿ ತೋರಿಸು ಎಂದ. (ಮಾಡಬೇಕಾದ್ದನ್ನು ದೇವರು ಅವನಿಗೆ ಮೊದಲೇ ಹೇಳಿಯಾಗಿತ್ತು. ಇದು ನಮ್ಮ ಪ್ರಸಂಗಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.) ನನ್ನ ಬಳಿ ಉಣ್ಣೆ ಇರಲಿಲ್ಲ, ಫೋನ್ ಇತ್ತು. ಸೋಮವಾರ ಹತ್ತು ಗಂಟೆಯೊಳಗೆ ಆ ಕಚೇರಿಯವರು ತಾವಾಗಿ ಫೋನ್ ಮಾಡಿದರೆ ಹೋಗುತ್ತೇನೆ ಎಂದು ಕರಾರು ಹಾಕಿದೆ. ಹತ್ತಾಯಿತು. ನನ್ನ ಗಡಿಯಾರ ಸ್ವಲ್ಪ ಮುಂದಿದೆ ಎಂದು ಹತ್ತೂ ಕಾಲರವರೆಗೆ ದೇವರಿಗೆ ಸಮಯ ಕೊಟ್ಟೆ. ಸದ್ದಿಲ್ಲ. ಮಧ್ಯಾಹ್ನ ನೋಡಿದರೆ ಒಂಬತ್ತು ಮಿಸ್ಡ್ ಕಾಲ್. ಭಾನುವಾರದ ಆರಾಧನೆಗೆ ಸೈಲೆಂಟ್ ಮಾಡಿದ್ದ ಫೋನ್ ಹಾಗೇ ಇತ್ತು. ಒಂಬತ್ತರಲ್ಲಿ ಒಂದು ಆ ಕಚೇರಿಯದು, ಸರಿಯಾಗಿ 9:40ಕ್ಕೆ. ಈಗ ಇದನ್ನು ಏನೆಂದು ಲೆಕ್ಕ ಹಾಕಬೇಕು? ಉಣ್ಣೆ ಒದ್ದೆಯಾಗಿತ್ತು, ಮುಟ್ಟಿ ನೋಡಬೇಕಾದ ಗಿದ್ಯೋನ ನಿದ್ದೆ ಮಾಡುತ್ತಿದ್ದ.

ಕೊನೆಗೆ ಚೀಟಿಗೆ ಬಂದೆ. ಮುಂದೆ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1737ರಲ್ಲಿ ಒಬ್ಬ ಹುಡುಗಿಯನ್ನು ಮದುವೆಯಾಗಲೋ ಬೇಡವೋ ಎಂದು ಮೂರು ಚೀಟಿ ಹಾಕಿಸಿದ್ದರು. ಮದುವೆಯಾಗು, ಈ ವರ್ಷ ಯೋಚನೆ ಬೇಡ, ಇನ್ನು ಆ ಯೋಚನೆಯೇ ಬೇಡ ಎಂದು. ಬಂದದ್ದು ಕೊನೆಯದು. ಪಾಪ. ನಾನು ಎರಡೇ ಬರೆದೆ: 'ಹೋಗು', 'ಬೇಡ'. 'ಬೇಡ' ಬಂತು. ಸರಿಯಾಗಿ ಕಲಸಿರಲಿಲ್ಲವೇನೋ ಎಂದು ಮತ್ತೆ ಎತ್ತಿದೆ. ಮತ್ತೆ 'ಬೇಡ'. ಐದರಲ್ಲಿ ಮೂರು ಸಲ ಬಂದದ್ದೇ ಲೆಕ್ಕ ಎಂದು ನಿಯಮ ತಿದ್ದುವಾಗ ಹೆಂಡತಿ ಒಳಗೆ ಬಂದಳು. ಚೀಟಿ ಜೇಬಿಗೆ ತುರುಕಿದೆ. ಅಂಗಿ ಒಗೆಯುವ ದಿನ 'ಹೋಗು' ಎಂಬ ಚೀಟಿ ಅವಳ ಕೈಗೆ ಸಿಕ್ಕಿತು. "ಏನ್ರೀ ಇದು, ಯಾರಿಗೆ ಹೇಳೋಕೆ ಬರೆದಿಟ್ಟಿದ್ದು?" ಎಂದಳು. ಆ ಸಂಜೆ ಮನೆಯಲ್ಲಿ ಮಾತು ಕಡಿಮೆ ಇತ್ತು.

ಪಾಸ್ಟರ್ ಹತ್ತಿರ ಹೋಗಿ ಎಲ್ಲ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಅಪೊಸ್ತಲರು ಯೂದನ ಜಾಗಕ್ಕೆ ಮತ್ತೀಯನನ್ನ ಆರಿಸೋಕೆ ಚೀಟು ಹಾಕಿದ್ದು ಪಂಚಾಶತ್ತಮಕ್ಕೆ ಮೊದಲು, ಪವಿತ್ರಾತ್ಮ ಬರೋಕೆ ಮುಂಚೆ. ಆಮೇಲೆ ಅವರು ಚೀಟು ಹಾಕಿದ ಮಾತೇ ಇಲ್ಲ" ಎಂದರು. "ಮನೇಲಿ ಏನಂತಾರೆ?"

"ಕೇಳಿಲ್ಲ ಅಯ್ಯನವರೇ."

"ಸತ್ಯವೇದದ ಅರಣ್ಯಕಾಂಡ 22 ಓದಿ, ಆಮೇಲೆ ಕೇಳಿ."

ಓದಿದೆ. ಇಸ್ರಾಯೇಲರನ್ನು ಶಪಿಸಲು ಬಾ ಎಂದು ಅರಸನೊಬ್ಬ ಕರೆಕಳಿಸಿದ ಬಿಳಾಮನೆಂಬ ಪ್ರವಾದಿಗೆ ದೇವರು ಹೋಗಬೇಡ ಎಂದು ಮೊದಲೇ ಹೇಳಿದ್ದ. ಇನ್ನೂ ದೊಡ್ಡ ಅಧಿಕಾರಿಗಳು ಇನ್ನೂ ದೊಡ್ಡ ಮರ್ಯಾದೆಯ ಮಾತು ತಂದಾಗ ಅವನು ದೇವರನ್ನು ಇನ್ನೊಂದು ಸಲ ಕೇಳಿದ. ನನ್ನ ಐದರಲ್ಲಿ ಮೂರು ನೆನಪಾಗಿ ಕಿವಿ ಬಿಸಿಯಾಯಿತು. ಹೆಂಡತಿಯನ್ನು ಕರೆದು ಹೋಗೋಣವಾ ಎಂದೆ.

"ಹತ್ತು ದಿನದಿಂದ ದೇವರನ್ನ ಕೇಳ್ತಾ ಇದ್ರಿ. ನನ್ನ ಕೇಳಬೇಡ ಅಂತ ಅವನೇನಾದ್ರೂ ಹೇಳಿದ್ನಾ?" ಎಂದಳು. "ಭಾನುವಾರ ಡ್ಯೂಟಿ ಅಲ್ಲಿ. ಮೂರನೇ ಪುಟದಲ್ಲಿದೆ. ಪತ್ರ ಬಂದ ದಿನಾನೇ ಓದಿದೆ. ಮೂರು ಸಲ ಹೇಳೋಕೆ ಬಂದ್ರೆ ಮೂರು ಸಲಾನೂ ಪ್ರಾರ್ಥನೆಯಲ್ಲಿದ್ದೀನಿ ಅಂತ ಗದರಿದ್ರಿ."

ನಾನು ಓದಿದ್ದು ಸಂಬಳದ ಪುಟ ಮಾತ್ರ. ನನಗೆ ತಡೆಯಲಾಗಲಿಲ್ಲ. "ಅಯ್ಯೋ, ಥೇಟ್ ಬಿಳಾಮನ ಕಥೆ ಕಣೇ!" ಎಂದೆ. "ದಾರಿಯಲ್ಲಿ ದೇವದೂತ ನಿಂತಿದ್ದು ಅವನಿಗೆ ಕಾಣಲೇ ಇಲ್ಲ. ಕಂಡಿದ್ದು ಅವನ ಕತ್ತೆಗೆ. ಮೂರು ಸಲ ಹೊಡೆಸಿಕೊಂಡ ಮೇಲೆ ಅದೇ ಬಾಯಿಬಿಟ್ಟು..."

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮುಂದಕ್ಕೆ ಹೇಳಿ" ಎಂದಳು. "ಕತ್ತೆ ಯಾರು?"

ಪ್ರಾರ್ಥನೆ ಮಾಡಿ ಹೇಳ್ತೀನಿ ಎಂದೆ.